ಹಗ್ಗಕ್ಕೆ ಅಕ್ಕೋರ ಕೈ, ಪಾಲು ಹೀರಾಳದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭಾವಿಕೇರಿಯಾಚೆಯ ದಂಡೆಯಲ್ಲಿ ಎರಡು ಸಾಲು ಜನ ದಡಕ್ಕೆ ಎಳೆದು ಮೀನು ಹಿಡಿಯುವ ಏಂಡಿ ಬಲೆಯ ಹಗ್ಗ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾರೆ. ಲುಂಗಿ, ಬನಿಯನ್, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆಗಳ ನಡುವೆ ಕನ್ನಡಕದ ಹೆಂಗಸೊಬ್ಬರು ಗಾಜಿನ ಮೇಲಿನ ಉಪ್ಪುನೀರನ್ನು ಭುಜಕ್ಕೆ ಒರೆಸಿಕೊಳ್ಳುತ್ತ ಎಳೆಯುತ್ತಿದ್ದಾರೆ. ಇವರು ಇಲ್ಲಿನ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ನಮಿತಾ ಭಟ್ಟ, ಕೇರಿಗೆಲ್ಲ 'ಅಕ್ಕೋರು'. ಹುಟ್ಟೂರು ರಾಮನಗುಳಿ. ಮೀನು ತಿನ್ನುವ ಮಾತಿರಲಿ, ಅಂಕೋಲೆಯ ಮೀನುಪೇಟೆಯನ್ನೂ ಒಂದು ಕಾಲದಲ್ಲಿ ಮೂಗು ಮುಚ್ಚಿಕೊಂಡೇ ದಾಟುತ್ತಿದ್ದವರು.

ಹಾಗಾದರೆ ಇವರಿಗೆ ಇಲ್ಲೇನು ಕೆಲಸ? ಕೇಳಿದರೆ ಉಸಿರು ಬಿಡುತ್ತ ನಗುತ್ತಾರೆ. "ಇದು ನನ್ನ ಜಾಗ ಅಲ್ಲ ಮಾರಾಯ್ರೆ. ಮೂರನೇ ಕ್ಲಾಸಿನ ಹೀರಾಂದು. ನಾ ಬರೀ ಕೈ."

ಈ ದಂಡೆಯಲ್ಲೊಂದು ಕಟ್ಟಳೆಯಿದೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಬಲೆ ದಂಡೆಗೆ ಬರುವ ಮುಂಚೆ ಕೈ ಬಿಟ್ಟವರಿಗೆ ಇಲ್ಲ. ಹೀರಾಳ ಅಪ್ಪ ದೋಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಎದ್ದು ಓಡಾಡುವಂತಿಲ್ಲ. ತಾಯಿ ಕಾಮಿ ಕತ್ತಲಲ್ಲೇ ಬುಟ್ಟಿ ಹೊತ್ತು ಬಸ್ಸಿಗೆ ಓಡಬೇಕು. ಉಳಿದದ್ದು ಹೀರಾಳ ಪುಟ್ಟ ಕೈ. ಹಗ್ಗ ಎಳೆದು ಒದ್ದೆ ಲಂಗದಲ್ಲೇ ಶಾಲೆಗೆ ಬರುತ್ತಿದ್ದ ಹುಡುಗಿ ಪಾಟಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಆಮೇಲಾಮೇಲೆ ಬರುವುದೇ ಕಡಿಮೆಯಾಯಿತು.

ಅಕ್ಕೋರು ದಂಡೆಗಿಳಿದದ್ದು ಅವಳಿಗಾಗಿಯೇ. ಆದರೆ ಮೊದಲ ದಿನವೇ ಎಡವಟ್ಟು. ಬಲೆಯ ಯಜಮಾನ ದೇವಿದಾಸ ತಾಂಡೇಲರು ಅವರ ಮುಂದೆ ಬಂಗಡೆಯ ಗುಪ್ಪೆ ಹಾಕಿದಾಗ, "ಅಯ್ಯೋ, ನಾವು ತಿನ್ನೂದಿಲ್ಲ" ಎಂದು ಎರಡು ಬೆರಳಲ್ಲಿ ಬಾಲ ಹಿಡಿದು ಒಂದೊಂದನ್ನೇ ಬಲೆಗೆ ವಾಪಸು ಹಾಕಿದರಂತೆ. ಹಾಕಿದ ಪಾಲು ಬಲೆಗೆ ಮರಳಿದರೆ ಸಮುದ್ರ ಮುನಿಯುತ್ತದೆಂಬುದು ಇಲ್ಲಿಯ ನಂಬಿಕೆ. ಗ್ರಹಚಾರಕ್ಕೆ ಮರುದಿನ ಬಲೆಯಲ್ಲಿ ಬಂದದ್ದು ಬರೀ ಲೋಳೆಮೀನು. ಸಿಟ್ಟಾದ ಕೇರಿ ಮಕ್ಕಳನ್ನು ಕಳಿಸದೆ, ಆ ವಾರ ಶಾಲೆಯ ಬೆಂಚುಗಳೂ ಖಾಲಿ.

ದಾರಿ ತೋರಿಸಿದವಳು ಹಗ್ಗದ ಸಾಲಿನ ಹಿರಿಯಳು ಸೋಮಿ. "ನಾನೇ ಹೇಳ್ದೆ. ಅಕ್ಕೋರೆ, ತಿನ್ನೂದು ಬಿಡೂದು ನಿಮ್ಗೆ ಬಿಟ್ಟದ್ದು. ಆದ್ರೆ ಸೆರಗು ಒಡ್ಡಿ ತಕಣಿ. ತಕಂಡು ಯಾರಿಗೆ ಬೇಕಾದ್ರೂ ಕೊಡಿ. ಬಲೆಗೆ ಮಾತ್ರ ಹಾಕ್ಬೇಡಿ." ನಮಿತಾ ಮರುದಿನವೇ ಹೋಗಿ ಸೆರಗು ಒಡ್ಡಿದರು. ಆ ಪಾಲು ಹೀರಾಳ ಮನೆಗೆ ಹೋಯಿತು. ಈಗ ರಾಮನಗುಳಿಗೆ ಹೋದರೆ ಹೆತ್ತ ಆಯಿ ಬಾಗಿಲಲ್ಲೇ ತಡೆದು, "ಮೊದ್ಲು ಮಿಂದ್ಕಂಡ್ ಬಾ, ಆಮೇಲೆ ಮಾತು" ಎನ್ನುತ್ತಾರಂತೆ.

ನಾನು ಒಂದು ವಾರ ಅಕ್ಕೋರ ತರಗತಿಯ ಹಿಂದಿನ ಮಣೆಯ ಮೇಲೆ ಕೂತಿದ್ದೇನೆ. ಸುಳ್ಳೇಕೆ, ನನ್ನ ಶಾಲೆಯ ದಿನಗಳನ್ನು ನೆನೆದು ಈ ಮಕ್ಕಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಸೋಮವಾರ ಹೀರಾಳ ಪಾಲಿನಿಂದ ಒಂದು ಬೊಗಸೆ ಮೀನು ಕಾಮಿಯ ಒಪ್ಪಿಗೆ ಪಡೆದು ತರಗತಿಗೆ ಬರುತ್ತದೆ. ಮಕ್ಕಳು ಜಾತಿ ವಿಂಗಡಿಸುತ್ತಾರೆ, ಕಿವಿರು ಬಿಡಿಸಿ ನೋಡುತ್ತಾರೆ. ತೆಂಗಿನ ಕರಟದ ತಕ್ಕಡಿಯಲ್ಲಿ ಬೆಣಚುಕಲ್ಲು ಇಟ್ಟು ತೂಗುತ್ತಾರೆ. ಆಮೇಲೆ ಉಪ್ಪು ಹಚ್ಚಿ ಶಾಲೆಯ ಹಿಂದೆ ಚಾಪೆಯ ಮೇಲೆ ಒಣಗಲು ಬಿಡುತ್ತಾರೆ. ಕಾಗೆ ಕಾಯುವ ಪಾಳಿಗಾಗಿ ಆಗುವ ಜಗಳ ಪಂಚಾಯ್ತಿ ಚುನಾವಣೆಗೂ ಆಗಲಿಕ್ಕಿಲ್ಲ.

ಮಂಗಳವಾರ ಹಳೆಯ ಹಗ್ಗದ ತುಂಡನ್ನು ಮಾರಿನಲ್ಲಿ ಅಳೆಯುವ ಪಾಠ. ಎರಡೂ ಕೈ ಚಾಚಿದರೆ ಒಂದು ಮಾರು. ಒಬ್ಬೊಬ್ಬರ ಲೆಕ್ಕ ಒಂದೊಂದು! ಯಾರದ್ದು ತಪ್ಪು ಎಂದು ಗಲಾಟೆಯಾಗುತ್ತದೆ. ಅಕ್ಕೋರು ಉತ್ತರ ಹೇಳುವುದಿಲ್ಲ, ಸುಮ್ಮನೆ ಕೂರುತ್ತಾರೆ. ಕೊನೆಗೆ ಹೀರಾಳೇ ಎದ್ದು, "ಹಗ್ಗ ಅಷ್ಟೇ ಅದೆ ಅಕ್ಕೋರೆ, ಕೈ ಸಣ್ಣ ದೊಡ್ಡ" ಎನ್ನುತ್ತಾಳೆ. ಆಗ ಕಪಾಟಿನಿಂದ ಮೀಟರು ಕೋಲು ಹೊರಬರುತ್ತದೆ.

ಬುಧವಾರ ಅಜ್ಜಿಯರಿಂದ ಕೇಳಿ ತಂದ ಗಾಳಿಯ ಹೆಸರುಗಳು, ಮನೆಯ ಕೊಂಕಣಿಯಲ್ಲೊಮ್ಮೆ, ಶಾಲೆಯ ಕನ್ನಡದಲ್ಲೊಮ್ಮೆ. ನಂತರ ಮರಳಿನ ಮೇಲೆ ಚಿತ್ರ, ಚಿಪ್ಪೇ ನಾಣ್ಯವಾಗುವ ಸಂತೆ. ಶುಕ್ರವಾರ ಒಣಮೀನನ್ನು ಮತ್ತೆ ತೂಗುತ್ತಾರೆ. ವಾರವೆಲ್ಲ ಕಂಡದ್ದನ್ನು ಎರಡು ಸಾಲು ಬರೆದು ತಂದು ಶನಿವಾರ ಎಲ್ಲರೆದುರು ಓದಬೇಕು. ಮಕ್ಕಳು ಕಾಯುವುದೇ ಆ ಓದಿಗೆ. ಹಗ್ಗಕ್ಕೆ ಹೋಗುವ ಮೂರ್ನಾಲ್ಕು ಮಕ್ಕಳಿಗೆ ಮಾತ್ರ ಅದು ತಪ್ಪುತ್ತದೆ. ಹೀರಾಳಂತೂ ಒಮ್ಮೆಯೂ ಓದಿಲ್ಲ.

ಕಾರಣ ಸರಳ. ಉಳಿದ ದಿನ ಶಾಲೆ ಶುರುವಾಗುವಷ್ಟರಲ್ಲಿ ಬಲೆ ದಂಡೆಗೆ ಬಂದಿರುತ್ತದೆ. ಶನಿವಾರ ಬೆಳಗಿನ ಶಾಲೆ. ಗಂಟೆಯಾದಾಗ ಬಲೆ ಇನ್ನೂ ನೀರಿನಲ್ಲಿರುತ್ತದೆ. ಅಕ್ಕೋರು ಶಾಲೆಗೆ ಓಡಬೇಕು, ಹಗ್ಗಕ್ಕೆ ಹೀರಾ ಬರಬೇಕು. ಶನಿವಾರವೊಂದನ್ನು ಬಿಟ್ಟುಕೊಡಿ ಎಂದು ಅವರು ತಾಂಡೇಲರನ್ನು ಕೇಳಿದ್ದುಂಟು. "ಹಗ್ಗ ಬಿಟ್ಟವ್ರಿಗೆ ಪಾಲಿಲ್ಲ ಅಕ್ಕೋರೆ. ನನ್ನ ಮಗ ಬಿಟ್ರೂ ಇಲ್ಲ. ಒಬ್ರಿಗೆ ಸಡ್ಲ ಮಾಡಿದ್ರೆ ಬಲೆ ಎಳ್ಯೂದು ಯಾರು?" ಅವರ ಮಾತೂ ಸುಳ್ಳಲ್ಲ.

ಈ ಶನಿವಾರವೂ ಹಾಗೇ ಆಗುತ್ತದೆ. ದೂರದಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ಸಮವಸ್ತ್ರ ತೊಟ್ಟ ಹೀರಾ ಓಡಿ ಬಂದು ಹಗ್ಗಕ್ಕೆ ಕೈ ಹಾಕುತ್ತಾಳೆ. ಎರಡು ಸಾಲು ಬರೆದು ಮಡಚಿದ ಹಾಳೆ ಅವಳ ಜೇಬಿನಿಂದ ಇಣುಕುತ್ತಿದೆ. ಅಕ್ಕೋರು ಹಗ್ಗ ಬಿಡುವುದಿಲ್ಲ. ಹೋಗಲೂ ಆಗದೆ, ನಿಲ್ಲಲೂ ಆಗದೆ ಆ ಹಾಳೆಯನ್ನೇ ನೋಡುತ್ತಾರೆ.

ಪಕ್ಕದಲ್ಲಿದ್ದ ಸೋಮಿ ಅವರಿಬ್ಬರ ಕೈಯನ್ನೂ ಹಗ್ಗದಿಂದ ಕಿತ್ತು ಬಿಸಾಡಿದಂತೆ ಬಿಡಿಸುತ್ತಾಳೆ. "ತಾಂಡೇಲಾ, ಕೇಳ್ಕ! ನನ್ನ ಎಡಗೈ ನಂದು, ಬಲಗೈ ಹೀರಾಂದು. ಪಾಲು ಕೊಡೂದಿದ್ರೆ ಕೊಡು. ಇಲ್ದಿದ್ರೆ ನಂದ್ರಲ್ಲೇ ಅರ್ಧ ಅದಕ್ಕೆ!" ತಾಂಡೇಲರು ಸಮುದ್ರದತ್ತ ತಿರುಗಿ ಹಗ್ಗ ಎಳೆಯುತ್ತಾರೆ. ಅಕ್ಕೋರು ಮತ್ತು ಹುಡುಗಿ ಮರಳಿನಲ್ಲಿ ಓಡುತ್ತಾರೆ. ನಾನು ದಂಡೆಯಲ್ಲೇ ಉಳಿಯುತ್ತೇನೆ.

ಬಲೆ ಬರುತ್ತದೆ. ಮರಳಿನ ಮೇಲೆ ಗುಪ್ಪೆಗಳು ಬೀಳುತ್ತವೆ. ತಾಂಡೇಲರು ಒಂದೊಂದೇ ಹೆಸರು ಕೂಗುತ್ತಾರೆ. ಕೊನೆಯಲ್ಲಿ, "ಹೀರಾ" ಎನ್ನುತ್ತಾರೆ.

"ಶಾಲೇಲಿ ಅದೆ!" ಸೋಮಿ ಕೂಗುತ್ತಾಳೆ.

ತಾಂಡೇಲರು ಬಗ್ಗಿ ಇನ್ನೊಂದು ಗುಪ್ಪೆ ಹಾಕುತ್ತಾರೆ. "ಅಲ್ಲೂ ಎಳ್ಯೂದೇ ಅಲ್ದಾ" ಎಂದಷ್ಟೇ ಹೇಳುತ್ತಾರೆ. ಮತ್ತೆ ಹಗ್ಗದ ಬಳಿ ನಿಂತಿದ್ದ ಉಳಿದ ಮಕ್ಕಳತ್ತ ತಿರುಗಿ, "ನಿಮ್ಗೆ ಎಂತಾ ಕೆಲ್ಸ ಇಲ್ಲಿ? ಹೋಗಿ, ಪಾಲು ಇಟ್ಟಿರ್ತೆ" ಎಂದು ಗದರುತ್ತಾರೆ. ಮಕ್ಕಳು ಶಾಲೆಯ ಕಡೆ ಪೇರಿ ಕೀಳುತ್ತಾರೆ.

ಹೀರಾಳ ಪಾಲಿನ ಬಾಲ್ದಿ ಹೊತ್ತು ಶಾಲೆಯ ಬಾಗಿಲಿಗೆ ಹೋದವನು ನಾನೇ. ಅವಳು ಹಾಳೆ ಹಿಡಿದು ಓದುತ್ತಿದ್ದಾಳೆ: "ಹಸಿ ಬಂಗಡೆ ಭಾರ, ಒಣ ಬಂಗಡೆ ಹಗುರ. ನೀರು ಬಿಸಿಲಿಗೆ ಹೋಯಿತು, ಮಳೆಗಾಲಕ್ಕೆ ವಾಪಸು ಬರುತ್ತದೆ." ಬಾಲ್ದಿ ಕಂಡು ಓದು ನಿಲ್ಲುತ್ತದೆ. ಅಕ್ಕೋರು ಒಳಗಿನ ಮೀನನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಈಗ ಗಾಜಿನ ಮೇಲೆ ಸಮುದ್ರದ ನೀರೇನೂ ಇಲ್ಲ.

ಹೊರಡುವಾಗ ಅವರ ಅಂಗೈ ಕಡೆ ಕಣ್ಣು ಹೋಗುತ್ತದೆ. ಹಗ್ಗ ಉಜ್ಜಿ ಕೆಂಪಾಗಿದೆ. ಇನ್ನಾದರೂ ಬಿಡಬಹುದಲ್ಲ ಎನ್ನುತ್ತೇನೆ.

"ಬಿಡೂದಾ? ಶನಿವಾರ ಮಕ್ಕಳು ನಂಗೆ ಸಿಕ್ಕಿದ್ರು. ಉಳ್ದ ದಿನ ಹಗ್ಗಕ್ಕೆ ಕೈ ಬೇಕಲ್ಲ," ಎಂದು ನಗುತ್ತಾರೆ. "ಪುಕ್ಕಟೆ ಪಾಲು ನಮ್ಮ ಕೇರಿಲಿ ಇಲ್ಲ."