ಅಂಚೆಯವನ ಮಗಳ ಫ್ರಾಕು

ಆ ಕಾಮಿಕ್ಸಿನ ಹುಡುಗ ಹುಡುಗಿಯರಿಗೆ ವಯಸ್ಸೇ ಆಗುವುದಿಲ್ಲ. ಅಪ್ಪ ಹುಟ್ಟುವ ಮೊದಲೇ ಶುರುವಾದ ಇಂಗ್ಲಿಷ್ ಸರಣಿ ಅದು. ಈಗಲೂ ಹೊಸ ಸಂಚಿಕೆ ಬರುತ್ತದೆ, ಈಗಲೂ ಅವರು ಅದೇ ಹೈಸ್ಕೂಲಿನಲ್ಲಿದ್ದಾರೆ. ಆರು ಜನರ ಗುಂಪಿನಲ್ಲಿ ಒಬ್ಬಳು ಗಿರಣಿ ಮಾಲೀಕನ ಮಗಳು, ಇನ್ನೊಬ್ಬಳು ಅಂಚೆಯವನ ಮಗಳು. ಇಬ್ಬರೂ ಜೀವದ ಗೆಳತಿಯರು. ಗಿರಣಿ ಮಾಲೀಕನ ಮಗಳ ಉಡುಪು ಪುಟಪುಟಕ್ಕೂ ಬದಲಾಗುತ್ತದೆ. ಅಂಚೆಯವನ ಮಗಳು ಕತೆ ಮುಗಿಯುವವರೆಗೂ ಒಂದೇ ಫ್ರಾಕಿನಲ್ಲಿರುತ್ತಾಳೆ. ಮೊದಲನೆಯವಳ ಮನೆಯನ್ನು ಗೇಟಿನಿಂದ ಹಿಡಿದು ಬಿಡಿಸಿರುತ್ತಾರೆ. ಎರಡನೆಯವಳ ಮನೆಯೆಂದರೆ ಒಂದು ಅಡುಗೆಮನೆ, ಅಷ್ಟೇ. ಇದನ್ನೆಲ್ಲ ನಾನು ಒಂಬತ್ತನೇ ವಯಸ್ಸಿಗೇ ಗಮನಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಆ ಪುಸ್ತಕಗಳು ನನಗೆ ಸಿಗುತ್ತಿದ್ದದ್ದು ಅಪ್ಪನ ಸಾವಕಾರರ ಮನೆಯಿಂದ. ಅವರೂ ನಮ್ಮ ಹಾಗೆ ವಿಜಯಪುರದ ಕಡೆಯಿಂದ ಈ ಊರಿಗೆ ಬಂದವರೇ. ಬೇಗಂ ಬಜಾರಿನಲ್ಲಿ ಅವರಿಗೆ ಪ್ಲಾಸ್ಟಿಕ್ ಬಕೆಟ್, ಟಬ್ಬುಗಳ ಸಗಟು ಅಂಗಡಿಯಿದೆ, ನಾಚಾರಂನಲ್ಲಿ ಅವನ್ನು ಮಾಡುವ ಕಾರ್ಖಾನೆಯಿದೆ. ಅಪ್ಪ ಆ ಕಾರ್ಖಾನೆಯ ಸೂಪರ್‌ವೈಸರ್. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಸಾವಕಾರರ ಮಗಳು ನನ್ನ ವಾರಿಗೆಯವಳು, ನನ್ನ ಗೆಳತಿ, ನಮ್ಮಿಬ್ಬರದೂ ಒಂದೇ ಶಾಲೆ. ಅವಳು ಓದಿ ಮುಗಿಸಿದ ಕಾಮಿಕ್ಸು, ಅವಳಿಗೆ ಗಿಡ್ಡವಾದ ಫ್ರಾಕು ಎರಡೂ ಒಂದೇ ಚೀಲದಲ್ಲಿ ಬರುತ್ತಿದ್ದವು.

ಅವ್ವ ಬಂದ ಬಟ್ಟೆಯನ್ನು ಬಂದ ಹಾಗೇ ನನಗೆ ತೊಡಿಸುತ್ತಿರಲಿಲ್ಲ. ಹೊಲಿಗೆ ಬಿಚ್ಚಿ, ಕಾಲರ್ ತೆಗೆದು, ತೋಳು ಬದಲಿಸಿ, ಒಮ್ಮೊಮ್ಮೆ ಬಣ್ಣದ ನೀರಿನಲ್ಲಿ ಅದ್ದಿ, ಹೊಸ ಬಟ್ಟೆಯ ಹಾಗೆ ಮಾಡಿಯೇ ಕೊಡುತ್ತಿದ್ದಳು. "ಕೊಟ್ಟವ್ರಿಗೂ ಗುರ್ತ ಹತ್ತಬಾರದು," ಎನ್ನುತ್ತಿದ್ದಳು.

ಒಂದೇ ಒಂದು ಸಲ ತಪ್ಪಿದಳು. ಗೆಳತಿಯ ಹತ್ತನೇ ಹುಟ್ಟುಹಬ್ಬಕ್ಕೆ ನಾನು ತೊಟ್ಟಿದ್ದ ಹಸಿರು ಫ್ರಾಕಿನಲ್ಲಿ ಎಲ್ಲವನ್ನೂ ಬದಲಿಸಿ, ಬಟನ್‌ಗಳನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಚಿಪ್ಪಿನ ಆಕಾರದ ಆರು ಬಿಳಿ ಬಟನ್‌ಗಳು. ಚೆಂದ ಇದ್ದವು, ತೆಗೆಯಲು ಮನಸ್ಸು ಬರಲಿಲ್ಲ ಎಂದು ಆಮೇಲೆ ಹೇಳಿದಳು. ಕೇಕಿನ ಮುಂದೆ ನಿಂತಿದ್ದ ಗೆಳತಿ ಒಂದು ಬಟನ್ನಿನ ಮೇಲೆ ಬೆರಳಿಟ್ಟು, "ಇದು ನಂದಲ್ಲಾ?" ಎಂದಳು. ಎಲ್ಲರೂ ತಿರುಗಿ ನೋಡಿದರು. ನನ್ನ ಮುಖ ಕಂಡು ಅವಳೇ ಕೂಡಲೇ ಮಾತು ಸೇರಿಸಿದಳು: "ಇರ್ಲಿ ಬಿಡ್ರಿ. ಕಾಮಿಕ್ಸ್‌ನಾಗೂ ಹಿಂಗ ಐತಿ. ಅಂಚಿಯವನ ಮಗಳು ಗೆಳತಿ ಫ್ರಾಕ್ ಹಾಕ್ಕೊಂಡು ಪಾರ್ಟಿಗೆ ಬರ್ತಾಳ. ಈಕಿ ನಮ್ಮ ಅಂಚಿಯವನ ಮಗಳು!"

ಅವಳು ನನ್ನನ್ನು ಕಾಪಾಡಲೆಂದೇ ಹಾಗೆ ಹೇಳಿದ್ದು. ಎಲ್ಲರೂ ನಕ್ಕರು. ಆ ಹೆಸರು ಶಾಲೆ ಮುಗಿದರೂ ಹೋಗಲಿಲ್ಲ, ಕಾಲೇಜು ಮುಗಿದರೂ ಹೋಗಲಿಲ್ಲ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಲ್ಯಾಬಿಗೆ ಸೇರಿದೆ. ಅಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಗೆಳತಿಯ ಮದುವೆ ನಿಶ್ಚಯವಾಯಿತು. ಒಂದು ದಿನ ಕಂಪನಿಯ ಬಸ್ಸಿನಲ್ಲಿದ್ದಾಗ ಅವಳ ಫೋನು ಬಂತು.

"ಏ ಅಂಚಿಯವನ ಮಗಳೇ, ಹಳದಿ ಹಚ್ಚೂ ದಿನ ಮಧ್ಯಾಹ್ನ ಒಂದ್ ನಾಟಕ ಐತಿ. ನನ್ನ ಬರ್ತ್‌ಡೇ ಸೀನ್! ನಾ ಮಾಲಕನ ಮಗಳು, ನೀ ನೀನ. ನಿಮ್ಮವ್ವಗ ಹೇಳಿ ಹಸರು ಫ್ರಾಕ್ ಹೊಲಿಸ್ಕೋ. ಆ ಬಟನ್ ಅದಾವನು ಇನ್ನಾ?"

"ಗೊತ್ತಿಲ್ಲ," ಎಂದೆ. ಅವು ಅವ್ವನ ಬಿಸ್ಕೆಟ್ ಡಬ್ಬಿಯಲ್ಲಿದ್ದವು.

ಮನೆಗೆ ಬಂದು, ನಾನು ಒಲ್ಲೆ ಎಂದೆ. ಅಷ್ಟೊಂದು ಜನರ ಮುಂದೆ ಆ ಫ್ರಾಕು ತೊಟ್ಟು ಮತ್ತೊಮ್ಮೆ ಅಂಚೆಯವನ ಮಗಳಾಗಿ ನಿಲ್ಲಬಾರದು, ನನಗೆ ಬೇಕಾಗಿದ್ದದ್ದು ಅಷ್ಟೇ.

"ಹತ್ತು ಮಿನಿಟಿನ ಆಟ ಯವ್ವಾ," ಎಂದ ಅಪ್ಪ. "ನನ್ನ ನೌಕ್ರಿ ಇನ್ನೊಂದ್ ವರ್ಷ ಐತಿ. ಆಮ್ಯಾಗ ನಾವು ಈ ಖೋಲ್ಯಾಗ ಇರೂದು ಬಿಡೂದು ಸಾವಕಾರ್ರ ಕೈಯಾಗ. ಅವರ ಮಗಳು ಬಾಯಿಬಿಟ್ಟು ಕೇಳ್ಯಾಳ."

ಮರುದಿನ ಅವ್ವ ಹಸಿರು ಬಟ್ಟೆ ತಂದು ಫ್ರಾಕು ಹೊಲಿದಳು, ಡಬ್ಬಿಯಲ್ಲಿದ್ದ ಆ ಆರು ಬಟನ್‌ಗಳನ್ನೇ ಹಚ್ಚಿದಳು.

ರಿಹರ್ಸಲ್ಲಿಗೆ ಸಾವಕಾರರ ಮನೆಗೆ ಹೋಗುವ ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ಆಟೋದಲ್ಲಿ ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಹೋದ ಕೂಡಲೇ ಅಂದುಬಿಟ್ಟೆ: "ಈ ಸಲ ಪಾತ್ರ ಬದಲ್ ಮಾಡೂಣು. ನಾ ಮಾಲಕನ ಮಗಳಾಗ್ತೀನಿ, ನೀ ಅಂಚಿಯವನ ಮಗಳಾಗು."

"ಅರೇ, ಯಾರ್ ನಂಬ್ತಾರ ಅದನ್ನ?" ಎಂದು ಅವಳ ಅತ್ತೆಯ ಮಗಳು ನಕ್ಕಳು.

ಗೆಳತಿ ಮಾತ್ರ ಚಪ್ಪಾಳೆ ತಟ್ಟಿ ಕುಣಿದಳು. "ನಂಬೂದಿಲ್ಲ ಅಂತನ ಮಜಾ ಬರೂದು! ಭಾಳ ಚಲೋ ಹೇಳಿದಿ ನೋಡು."

ಗೆದ್ದೆ ಎಂದುಕೊಂಡೆ. ಅವ್ವ ಫ್ರಾಕಿನ ಹೊಲಿಗೆ ಬಿಚ್ಚಿ ಅದನ್ನು ಅವಳ ಅಳತೆಗೆ ಸಡಿಲ ಮಾಡಿದಳು. ನಮ್ಮ ಮನೆಯಿಂದ ಅವಳ ಮನೆಗೆ ಹೋದ ಮೊದಲ ಬಟ್ಟೆ ಅದು. ಮಾಲೀಕನ ಮಗಳಿಗೆ ತಕ್ಕ ಉಡುಪು ನನ್ನ ಹತ್ತಿರ ಇರಲಿಲ್ಲವಾದ್ದರಿಂದ ಗೆಳತಿ ತನ್ನ ಗುಲಾಬಿ ಲೆಹೆಂಗಾ ಕಳಿಸಿದಳು.

ಹಳದಿಯ ದಿನ ಫಂಕ್ಷನ್ ಹಾಲ್ ತುಂಬಿತ್ತು. ಅಂಚೆಯವನ ಮಗಳಾಗಿ ಅವಳು ವೇದಿಕೆಗೆ ಬಂದಳು. ಚಪ್ಪಲಿ ಸದ್ದು ಮಾಡದ ಹಾಗೆ ಹೆಜ್ಜೆಯಿಟ್ಟಳು. ಕುರ್ಚಿಯ ತುದಿಯಲ್ಲಿ ಕೂತಳು. ತಟ್ಟೆ ಕೈಗೆ ಬಂದಾಗ ಉಳಿದವರು ಹೇಗೆ ತಿನ್ನುತ್ತಾರೆಂದು ಓರೆಗಣ್ಣಿನಿಂದ ನೋಡಿದಳು. ಆಮೇಲೆ ಎಡಗೈಯನ್ನು ಮೆಲ್ಲಗೆ ಎತ್ತಿ ಎದೆಯ ಬಟನ್‌ಗಳ ಮೇಲಿಟ್ಟುಕೊಂಡಳು.

"ಥೇಟ್ ಆಕಿನ!" ಎಂದು ಮುಂದಿನ ಸಾಲಿನಲ್ಲಿ ಯಾರೋ ಕೂಗಿದರು. ಇಡೀ ಹಾಲೇ ನಕ್ಕಿತು.

ಹತ್ತನೇ ಹುಟ್ಟುಹಬ್ಬದ ದಿನ ಬೆರಳು ತಗಲಿದ ಮೇಲೆ, ಪಾರ್ಟಿ ಮುಗಿಯುವವರೆಗೂ ನಾನು ಹಾಗೆಯೇ ಅಂಗೈಯಿಂದ ಬಟನ್ ಮುಚ್ಚಿಕೊಂಡು ಕೂತಿದ್ದೆ. ಯಾರೂ ಕಂಡಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಅವಳು ಕಂಡಿದ್ದಳು, ನೆನಪಿಟ್ಟುಕೊಂಡಿದ್ದಳು. ಕುರ್ಚಿಯ ತುದಿ, ಚಪ್ಪಲಿ, ತಟ್ಟೆ, ಎಲ್ಲವೂ ನನ್ನವೇ.

ಈಗ ನನ್ನ ಮಾತು ಬರಬೇಕಿತ್ತು. ಬಟನ್ನಿನತ್ತ ಬೆರಳು ಚಾಚಿದೆ. ಹಾಲಿನ ಹಿಂಬದಿಯಲ್ಲಿ ಅಪ್ಪ ಕಾರ್ಖಾನೆಯ ಇಬ್ಬರು ಆಳುಗಳ ಜೊತೆ ಕುರ್ಚಿ ಹಾಕಿಸುತ್ತಿದ್ದ. ಕಂಬದ ಪಕ್ಕದಲ್ಲಿ ಅವ್ವ ನಿಂತಿದ್ದಳು. ನಾನು ಅವಳತ್ತಲೇ ನೋಡುತ್ತ ನಿಂತೆ.

"ಹೇಳ, ಲಗೂನ ಹೇಳ," ಎಂದು ಗೆಳತಿ ತುಟಿ ಅಲುಗಿಸದೆ ಪಿಸುಗುಟ್ಟಿದಳು.

"ಇದು ನಂದಲ್ಲಾ?" ಎಂದೆ.

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗೆಳತಿ ವೇದಿಕೆಯ ಮೇಲೆಯೇ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ನೀ ಒಟ್ಟ ಬದಲಾಗಿಲ್ಲ ನೋಡ," ಎಂದಳು.

ಮದುವೆ ಮುಗಿದ ವಾರದಲ್ಲಿ ಲೆಹೆಂಗಾ ಇಸ್ತ್ರಿ ಮಾಡಿಸಿ ವಾಪಸು ಕಳಿಸಿದೆವು. ಅಲ್ಲಿಂದ ಒಂದು ಚೀಲ ಬಂತು. ಅದರಲ್ಲಿ ಹಸಿರು ಫ್ರಾಕು ಇತ್ತು, ಕೆಳಗೆ ಕಾಮಿಕ್ಸಿನ ನಾಲ್ಕು ಹೊಸ ಸಂಚಿಕೆಗಳು. ಅವ್ವ ಕತ್ತರಿ ತಂದು ಬಟನ್‌ಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕತೊಡಗಿದಳು.

"ಒಗದುಬಿಡು ಅವನ್ನ," ಎಂದೆ.

"ಚಲೋ ಬಟನ್ ಅದಾವ. ಯಾಕ ಒಗೀಲಿ?"

ಅವ್ವ ಫ್ರಾಕನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಅರಿವಿ ಗಟ್ಟಿ ಐತಿ. ಕೆಳಗಿಂದ ಕತ್ತರಿಸಿದ್ರ ಕುರ್ತಾ ಆಕ್ಕೈತಿ. ತೋಳು ಬದಲ್ ಮಾಡ್ತೀನಿ, ಕಾಲರ್ ತೆಗೀತೀನಿ. ಯಾರಿಗೂ ಗುರ್ತ ಹತ್ತೂದಿಲ್ಲ. ಲ್ಯಾಬಿಗೆ ಹಾಕ್ಕೊಂಡು ಹೋಗು."

ನಾನು ಬೇಡ ಎನ್ನುವಷ್ಟರಲ್ಲಿ ಅಳತೆಯ ಟೇಪು ನನ್ನ ಬೆನ್ನ ಹಿಂದಿನಿಂದ ಬಂದಿತ್ತು. ಕೈ ಎತ್ತಿ ನಿಂತೆ.