ಫ್ಯಾನಿನ ಖೋಲಿಯ ಬಾಯಾರು

ಮನುಷ್ಯನ ಚರ್ಮಕ್ಕೂ ಮನಸ್ಸಿಗೂ ಗಹನವಾದ ಸಂಬಂಧವಿದೆ. ಅಥಣಿಯ ಚರ್ಮದ ದವಾಖಾನೆಯಲ್ಲಿ ಆ ಸಂಬಂಧವನ್ನು ಬೆಸೆದಿದ್ದು ಒಂದು ಫ್ಯಾನು. ಇಡೀ ದವಾಖಾನೆಗೆ ಅದೊಂದೇ; ಎಲ್ಲರೂ ಗೌರವದಿಂದ ‘ಬಾಯಾರು’ ಎನ್ನುತ್ತಿದ್ದ ಆಪ್ತಸಮಾಲೋಚಕಿಯ ಖೋಲಿಯಲ್ಲಿ ತಿರುಗುತ್ತಿತ್ತು. ಆ ಖೋಲಿ ತಲೆ ಕೆಟ್ಟವರದೆಂದು ಎಲ್ಲರ ನಂಬಿಕೆ. ನನ್ನ ಸೋರಿಯಾಸಿಸ್ ಮೊಣಕೈಗೆ ಬಂದದ್ದು, ತಲೆಗಲ್ಲ ಎಂದು ನಾನೂ ವಾದಿಸಿ, ಕೊನೆಗೆ ಸೆಕೆಗೆ ಸೋತು ಒಳಗೆ ಹೋಗಿದ್ದೆ.

ಬಾಯಾರು ಉಪದೇಶ ಮಾಡುತ್ತಿರಲಿಲ್ಲ. ಕನ್ನಡಕ ಒರೆಸುತ್ತ "ಮತ್ತ?" ಎನ್ನುತ್ತಿದ್ದರು. ಇಷ್ಟು ಹೇಳುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನನಗೆ ಸಂಶಯವಿತ್ತು.

ಒಂದು ದಿನ ನಾನು ಕೂತಿದ್ದಾಗಲೇ ಜುಗೂಳ ಹಳ್ಳಿಯ ಅತ್ತೆಯೊಬ್ಬಳು ಸೊಸೆಯನ್ನು ಎಳೆದುಕೊಂಡು ಒಳನುಗ್ಗಿದಳು. ಸೊಸೆ ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿದ್ದಳು.

"ಇಕಿ ಕೈಗೆ ಚರ್ಮ ಸುಲದ ಹುರುಪಿ ಎದ್ದಾವ್ರಿ ಬಾಯಾರ. ಇಕಿ ಬಡದ ರೊಟ್ಟಿ ಹೆಂಗ ತಿನ್ನೂದ್ರಿ? ಒಲಿ ಮುಂದ ಕುಂದರಾಕ ಬಿಟ್ಟಿಲ್ಲ."

"ಮತ್ತ?"

"ಮತ್ತೇನ್ರಿ, ಈ ಮೊಣಕಾಲ ತಗೊಂಡ ನಾನ ಬಡಿಯಾಕತ್ತೀನಿ."

"ಮತ್ತ?"

"ಡಾಕ್ಟರ್ ಇದು ಅಂಟೂದಲ್ಲ ಅಂದ್ರು. ಅವರೇನ ನಮ್ಮನ್ಯಾಗ ಉಣ್ಣಾಕ ಬರ್ತಾರೇನ್ರಿ?"

"ಮತ್ತ?"

"ನನ್ನ ಮಗ ಇಕಿ ಕೂಡ ಒಂದ ತಾಟಿನ್ಯಾಗ ಉಣ್ತಾನ್ರಿ, ಹೇಳಿದ್ರ ಕೇಳಂಗಿಲ್ಲ. ಅವಂಗೇನೂ ಆಗಿಲ್ಲ."

ಬಾಯಾರು ಕನ್ನಡಕ ಹಾಕಿಕೊಂಡರು. "ಮತ್ತ?"

ಅತ್ತೆ ತಲೆಯೆತ್ತಿ ಫ್ಯಾನು ನೋಡತೊಡಗಿದಳು. ಸೊಸೆಗೆ ನಗು ಬಂತು. ಬಾಯಿ ಮುಚ್ಚಿಕೊಳ್ಳಲು ಅವಳು ಸೆರಗಿನಿಂದ ಕೈ ಹೊರತೆಗೆಯಬೇಕಾಯಿತು.

ಮುಂದಿನ ಸಲ ಅತ್ತೆಯೇ ಬುತ್ತಿ ತಂದಳು, ಸೊಸೆ ಬಡಿದ ರೊಟ್ಟಿಯದು. ಬಾಯಾರು ಒಂದು ತಿಂದರು, ನನಗೊಂದು ಕೊಟ್ಟರು. ಸ್ವಲ್ಪ ದಪ್ಪವಾಗಿತ್ತು.