ದೀಪಕ್ಕೆ ಬೇಡದ ಗಾಳಿ

ಪುತ್ತೂರಿನ ಹತ್ತಿರದ ಸವಣೂರಿನ ನಮ್ಮ ದೇವರ ಕೋಣೆಯ ಹಿತ್ತಾಳೆಯ ದೀಪ ಅಂಗೈಯಷ್ಟೇ ಇದೆ. ಹಿರಿಯರ ಕಾಲದಿಂದ ಒಂದೇ ಮೂಲೆಯಲ್ಲಿ ಕುಳಿತು, ಗಾಳಿಯೆಂದರೇನೆಂದು ತಿಳಿಯದೆ, ಸುಖವಾಗಿ ಉರಿದುಕೊಂಡಿತ್ತು. ಅದನ್ನು ನಾನು ಹಳೆಯ ಸೀರೆಯಲ್ಲಿ ಸುತ್ತಿ ದೋಣಿಗೆ ಒಯ್ದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಇಡೀ ಆಯುಸ್ಸು ಭೂಗೋಳದ ಮೇಷ್ಟ್ರಾಗಿ ಶಾಲೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದಲೇ ಮಾರುತಗಳನ್ನು ಬೀಸಿಸಿದ ನಮ್ಮ ಯಜಮಾನರು ನಿವೃತ್ತರಾದ ಮೇಲೆ, ಮೂಲ್ಕಿಯಲ್ಲಿ ಯಾರೋ ಬೇಡವೆಂದು ಬಿಟ್ಟ ಹಾಯಿದೋಣಿಯೊಂದನ್ನು ಕೊಂಡು, ಮೀನುಗಾರರ ಹಿಂದೆ ತಿರುಗಿ ಹಾಯಿ ಕಟ್ಟುವುದನ್ನು ಕಲಿತು, ಮಗಳ ಕಾಲೇಜಿನ ರಜೆಯಲ್ಲಿ ಅಲ್ಲಿಂದ ಬಡಗಣ ದಿಕ್ಕಿನ ಗಂಗೊಳ್ಳಿಯವರೆಗೆ ಸಂಸಾರ ಸಮೇತ ಹೋಗುವುದೆಂದು ಸಾರಿದಾಗ, ನಮ್ಮೂರಿನಲ್ಲಿ ನಗದವರು ಯಾರೂ ಉಳಿದಿರಲಿಲ್ಲ.

ನೀರಿನ ಮೇಲಿನ ಸಂಸಾರವೂ ಸಂಸಾರವೇ. ಸುತ್ತ ಇಷ್ಟು ನೀರಿದ್ದರೂ ಅಕ್ಕಿ ತೊಳೆಯಲು ಬಿಂದಿಗೆಯ ತಳ ನೋಡಬೇಕು. ಒಣಹಾಕಿದ ಸೀರೆಯನ್ನು ಇನ್ನೊಂದು ಹಾಯಿಯೆಂದು ತಿಳಿದು ಗಾಳಿ ಎಳೆಯುತ್ತದೆ. ಪೂರ್ವಕ್ಕೆ ಮುಖಮಾಡಿ ಕೂರಿಸಿದ ದೇವರು, ಲಂಗರು ಹಾಕಿದ ದೋಣಿ ಉಬ್ಬರಕ್ಕೆ ತಿರುಗಿದ್ದರಿಂದ, ಗಂಜಿ ಬೇಯುವಷ್ಟರಲ್ಲಿ ಪಶ್ಚಿಮ ನೋಡುತ್ತಿರುತ್ತಾನೆ. ಆದರೂ ಗಂಜಿ ಚೆಲ್ಲಲಿಲ್ಲ, ದೇವರು ನೀರಿಗೆ ಬೀಳಲಿಲ್ಲ. ನನ್ನಂಥವಳಿಗೆ ಇಷ್ಟು ಕೃಪೆ ಸಾಕು.

ಸಾಲದೆ ಹೋದದ್ದು ಸಂಜೆಯ ದೀಪ. ಮೋಟಾರು ಕಟ್ಟುವುದಿಲ್ಲ, ಗಾಳಿಯಲ್ಲೇ ಹೋಗುವುದು ಎಂದು ಇವರ ವ್ರತ. ಮುಸ್ಸಂಜೆಗೆ ದೀಪವಿಟ್ಟು ಪ್ರಾರ್ಥನೆ ಮುಗಿಸದೆ ತುತ್ತು ಮುಟ್ಟುವುದಿಲ್ಲ ಎಂದು ನನ್ನ ವ್ರತ. ಒಂದೇ ದೋಣಿಯ ಒಂದು ತುದಿಯಿಂದ ಗಾಳಿ ಬರಲಿ ಎಂದೂ ಇನ್ನೊಂದು ತುದಿಯಿಂದ ಬಾರದಿರಲಿ ಎಂದೂ ಮೊರೆ ಕೇಳಿ ಕೇಳಿ ಆ ಭಗವಂತನಿಗೆ ಸಾಕಾಗಿರಬೇಕು. ದಿನವೂ ಗೆದ್ದವರು ಇವರೇ. ಪ್ರಾರ್ಥನೆಯ ನಡುವೆಯೇ ನನ್ನ ದೀಪ ಹೋಗುತ್ತಿತ್ತು.

“ಬ್ಯಾಟರಿ ದೀಪ ಇಡಮ್ಮ,” ಎಂದಳು ಮಗಳು.

“ದೇವರಿಗೆ ಸೆಲ್ಲು ಹಾಕುದಾ? ಎಂತ ಮಾತು ಅದು!” ಎಂದು ಅತ್ತೆ ಗದರಿದರು. ಎಂಬತ್ತರ ಹತ್ತಿರದ ಅತ್ತೆ, ಮುಳುಗುವುದಾದರೆ ಎಲ್ಲರೂ ಒಟ್ಟಿಗೆ ಎಂದು ಹೇಳಿ, ಎಲೆಯಡಿಕೆಯ ಚೀಲದೊಂದಿಗೆ ಎಲ್ಲರಿಗಿಂತ ಮೊದಲು ದೋಣಿ ಹತ್ತಿದವರು.

ಕೊನೆಗೊಂದು ಸಂಜೆ ಬೇಸತ್ತು ದೇವರಿಗೆ ಹೇಳಿಬಿಟ್ಟೆ: ನಾಳೆಯೂ ಗಾಳಿಗೆ ದೀಪ ಹೋದರೆ ಮುಂದಿನ ಕಡವಿನಲ್ಲಿ ಇಳಿದು ಪುತ್ತೂರಿನ ಬಸ್ಸು ಹತ್ತುತ್ತೇನೆ. ಅತ್ತೆಯ ಕಿವಿಗೂ ಹಾಕಿದೆ, ಎಂದರೆ ಇವರಿಗೂ ಹೇಳಿದಂತಾಯಿತು. ಇವರ ಮುಖ ಗಾಳಿ ಬಿಟ್ಟ ಹಾಯಿಯಂತೆ ಜೋತುಬಿತ್ತು. ನಾನು ಇಳಿದರೆ ಅನ್ನದ ಪಾತ್ರೆ ಇಳಿಯುತ್ತದೆ, ಅದು ಇಳಿದರೆ ಎಲ್ಲರೂ ಇಳಿಯುತ್ತಾರೆ. ಅವರ ಗಂಗೊಳ್ಳಿ ಮತ್ತೆ ಭೂಪಟದಲ್ಲೇ ಉಳಿಯುತ್ತದೆ.

ಮರುದಿನ ಸಂಜೆ, ನದಿ ಸಮುದ್ರ ಸೇರುವ ಅಳಿವೆಯೊಂದರ ಬಳಿ, ನೀರಿಳಿತದ ಕೊನೆಯ ಹೊತ್ತಿಗೆ ದೋಣಿ ಮರಳದಿಬ್ಬದ ಮೇಲೆ ಕುಳಿತಿತು. ಗಾಳಿ ಪೂರ್ತಿ ಸತ್ತಿತ್ತು. ಗಳ ಊರಿ ತಳ್ಳಿದರೂ ದೋಣಿ ಕದಲಲಿಲ್ಲ.

“ನೀರೇರಿದರೆ ದೋಣಿ ಏಳ್ತದೆ,” ಎಂದರು ಇವರು. “ಆಗ ಗಾಳಿ ಬೇಕು. ಇಲ್ಲದಿದ್ದರೆ ನೀರು ಇದನ್ನು ದಿಬ್ಬದ ಇನ್ನೂ ಮೇಲೆ ತಳ್ಳಿಬಿಡ್ತದೆ, ಮತ್ತೆ ಬಿಡಿಸ್ಲಿಕ್ಕೆ ಕಷ್ಟ ಉಂಟು.”

“ನಿನ್ನ ಪುಸ್ತಕದಲ್ಲಿ ಗಾಳಿ ಇರ್ಲಿಲ್ವಾ ಮಗಾ? ಅದನ್ನಾದ್ರೂ ತರಬಹುದಿತ್ತು,” ಎಂದರು ಅತ್ತೆ.

ನಾನು ದೀಪವಿಟ್ಟೆ. ಎಂಥ ದೀಪ ಮಾರಾಯ್ರೆ! ಚಿತ್ರದಲ್ಲಿ ಬರೆದಂತೆ, ಒಂದಿಷ್ಟೂ ಅಲುಗದೆ ನಿಂತಿತು. ಬೇರೆ ಕೆಲಸವಿಲ್ಲದೆ ಇವರೂ ಬಂದು ಕೈಮುಗಿದು ಕುಳಿತರು. ನಾನು ಗೆದ್ದಿದ್ದೆ, ದೋಣಿಯೊಂದು ಕೂತುಬಿಟ್ಟಿತ್ತು, ಅಷ್ಟೆ.

ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕೆಳಗೆ ನೀರು ಗುಳುಗುಳು ಎಂದು, ದೋಣಿ ಮೈಮುರಿಯಿತು. ಆಗಲೇ ಜ್ವಾಲೆಯ ತುದಿ ಕೂದಲೆಳೆಯಷ್ಟು ಪಡುವಣಕ್ಕೆ ಬಾಗಿತು. ನೆಲದ ಕಡೆಯಿಂದ ಗಾಳಿ ಹೊರಟಿತ್ತು. ಇವರು ದೀಪ ನೋಡಿದರು, ಹಾಯಿ ನೋಡಿದರು, ನನ್ನನ್ನು ನೋಡಿದರು. ಹಾಯಿಯ ಹಗ್ಗ ಕೈಗೆತ್ತಿಕೊಂಡರೂ, ದೋಣಿ ಹೊರಟರೆ ದೀಪ ನಿಲ್ಲದೆಂದು, ಎಳೆಯಲಿಲ್ಲ.

ನಾನು ದೇವರ ಮುಂದಿದ್ದ ದಾಸವಾಳವನ್ನು ಹಾಲಿಗೆ ಅದ್ದಿ, ಮನೆಯಲ್ಲಿ ಮಾಡುವಂತೆಯೇ, ಮೆಲ್ಲನೆ ದೀಪ ಶಾಂತ ಮಾಡಿದೆ. ಬತ್ತಿಯ ಹೊಗೆಯನ್ನಷ್ಟೇ ಗಾಳಿ ಒಯ್ದಿತು.

“ಎಂತ, ನೀನೇ ಶಾಂತ ಮಾಡಿದ್ಯಾ?” ಎಂದರು ಅತ್ತೆ.

“ಪ್ರಾರ್ಥನೆ ಆಯ್ತಲ್ಲ ಅತ್ತೆ. ಗಾಳಿಗೇನೂ ಹೋಗ್ಲಿಲ್ಲ.”

“ದೇವರಿಗೇ ಲಾ ಪಾಯಿಂಟು ಹೇಳ್ತಾಳೆ ನನ್ನ ಸೊಸೆ!” ಅತ್ತೆ ನಕ್ಕದ್ದು ಆಚೆ ದಡಕ್ಕೂ ಕೇಳಿರಬೇಕು. ಇವರು ಹಗ್ಗ ಎಳೆದರು; ಹಾಯಿ ಹೊಟ್ಟೆ ತುಂಬಿಸಿಕೊಂಡಿತು; ದೋಣಿ ದಿಬ್ಬ ಬಿಟ್ಟು ಜಾರಿತು.

ಗಂಗೊಳ್ಳಿ ನೋಡಿಯೇ ಊರಿಗೆ ಬಂದೆವು. ಮುಂದಿನ ಸಂಜೆಗಳಲ್ಲಿ ಗಾಳಿಗೆ ದೀಪ ಹೋದದ್ದುಂಟು. ಮತ್ತೆ ಹಚ್ಚಿದೆ, ಷರತ್ತು ಹಾಕಲಿಲ್ಲ. ಈಗ ದೀಪ ತನ್ನ ಹಳೆಯ ಮೂಲೆಯಲ್ಲೇ ಅಲುಗದೆ ಉರಿಯುತ್ತದೆ. ಹಾಗೆ ಉರಿಯುವುದನ್ನು ಕಂಡರೆ ನನಗೇಕೋ ದೋಣಿ ಮರಳಿನಲ್ಲಿ ಕೂತಂತಾಗುತ್ತದೆ. ಅದಕ್ಕೇ ಮುಸ್ಸಂಜೆಗೆ ಆ ಕೋಣೆಯ ಕಿಟಕಿಯನ್ನು ಒಂದು ಗೇಣು ತೆರೆದಿಡುತ್ತೇನೆ. ಜ್ವಾಲೆ ವಾಲಿದ ಕಡೆ ನೋಡಿ, ಜಗಲಿಯಲ್ಲಿ ಪೇಪರು ಓದುತ್ತಿರುವ ಇವರಿಗೆ ಒಳಗಿನಿಂದಲೇ ಕೂಗಿ ಹೇಳುತ್ತೇನೆ: “ಇವತ್ತು ತೆಂಕಣ ಗಾಳಿ ಉಂಟು. ಹೊರಡುದಾದ್ರೆ ಹೊರಡಬಹುದಿತ್ತು.”